ಬಿಸಿಲಿಗೆ ಬಿದ್ದು ಅಡ್ಮಿಟ್ ಆಗಿದ್ದನ್ನ ಟರ್ಮ್ ಪಾಲಿಸಿ ಫಾರ್ಮಲ್ಲಿ ಬರೀಲೇಬೇಕಾ?

ಹೊರಮಾವು_ಅಮ್ಮ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮನೆಯವ್ರಿಗೆ 36 ವರ್ಷ, ಸರ್ಜಾಪುರ ರೋಡ್ ಕಡೆ ಅಪಾರ್ಟ್‌ಮೆಂಟ್ ಸೈಟಲ್ಲಿ ಸೂಪರ್‌ವೈಸರ್. 2024ರ ಏಪ್ರಿಲ್ ಕೊನೇಲಿ ಬೆಂಗಳೂರಲ್ಲಿ 38.5 ಡಿಗ್ರಿ ಹೋಗಿತ್ತಲ್ಲ, ಅದೇ ವಾರ ಮಧ್ಯಾಹ್ನ ಮೋಲ್ಡ್ ಹಾಕ್ಸುವಾಗ ತಲೆ ಸುತ್ತಿ ಬಿದ್ಬಿಟ್ರು. ಜೊತೆಲಿದ್ದೋರು ಏನು ಕೇಳಿದ್ರೂ ಮಾತು ತೊದಲ್ತಿತ್ತಂತೆ. ಎರಡು ದಿನ ಡ್ರಿಪ್ ಹಾಕಿದ್ರು, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರ್ಸೋ ರಕ್ತದ ಟೆಸ್ಟ್) ಜಾಸ್ತಿ ಇದೆ ಅಂದ್ರು, ಆಮೇಲೆ ನಾರ್ಮಲ್‌ಗೆ ಬಂತು. ಅದಾಗಿ ಮೂರು ತಿಂಗಳಿಗೆ ಡೆಂಗ್ಯೂ, ಪ್ಲೇಟ್‌ಲೆಟ್ ಇಳಿದು ನಾಲ್ಕು ದಿನ ಅಡ್ಮಿಟ್. ಆ ವರ್ಷ ನಮ್ ಬಿಲ್ಡಿಂಗ್ ಬೋರ್‌ವೆಲ್ ಬತ್ತಿ ಹೋಗಿ ಟ್ಯಾಂಕರ್ ನೀರು, ಮನೆ ತುಂಬಾ ಡ್ರಮ್ಮು ಬಕೆಟ್ಟು.

ಈಗ 50 ಲಕ್ಷದ್ದು ಟರ್ಮ್ ಇನ್ಶೂರೆನ್ಸ್ (ಅವಧಿಯೊಳಗೆ ತೀರ್ಕೊಂಡ್ರೆ ಮನೆಯೋರಿಗೆ ದುಡ್ಡು ಬರೋ ಜೀವ ವಿಮೆ) ಮಾಡ್ಸೋಣ ಅಂತ. ಮಗಳಿಗೆ 7 ವರ್ಷ, ನನಗೆ ಕೆಲಸ ಇಲ್ಲ, ಅವ್ರು ಮತ್ತೆ ಅದೇ ಬಿಸಿಲಲ್ಲಿ ನಿಲ್ತಾರೆ, ಫೋನ್ ಎತ್ತದಿದ್ರೆ ನನಗೆ ಕೈಕಾಲು ನಡುಗತ್ತೆ. ಏಜೆಂಟ್ ಮನೆಗೆ ಬಂದು ಟ್ಯಾಬಲ್ಲಿ ಆರೋಗ್ಯದ ಪ್ರಶ್ನೆಗಳಿಗೆಲ್ಲಾ ಓದ್ದೇನೇ ‘ಇಲ್ಲ ಇಲ್ಲ ಇಲ್ಲ’ ಒತ್ಕೊಂಡು ಹೋದ್ರು, ಆಸ್ಪತ್ರೆ ವಿಷಯ ಹೇಳಿದ್ರೆ "ಬಿಸಿಲು, ಜ್ವರ ಎಲ್ಲಾ ಬರೀಬೇಡಿ ಮೇಡಂ, ರಿಜೆಕ್ಟ್ ಆಗತ್ತೆ, ಓಟಿಪಿ ಹೇಳಿ" ಅಂದ್ರು. ನಾನು ಓಟಿಪಿ ಕೊಟ್ಟಿಲ್ಲ ಇನ್ನೂ. ಜೊತೆಗೆ ಆಕ್ಸಿಡೆಂಟ್ ರೈಡರ್ (ಎಕ್ಸ್‌ಟ್ರಾ ದುಡ್ಡು ಕಟ್ಟಿ ಪಾಲಿಸಿಗೆ ಸೇರಿಸ್ಕೊಳ್ಳೋ ಅಪಘಾತದ ಕವರ್) ಹಾಕ್ಸಿದ್ರೆ ಬಿಸಿಲಿಗೆ ಏನಾದ್ರೂ ಆದ್ರೂ ಡಬಲ್ ಬರತ್ತೆ ಅಂದ್ರು, ನಿಜಾನಾ? ವಾತಾವರಣ ಹಿಂಗೇ ಕೆಡ್ತಾ ಹೋದ್ರೆ ಪ್ರೀಮಿಯಂ ವರ್ಷ ವರ್ಷ ಏರ್ಸ್ತಾರಾ?

ಜೆಪಿನಗರ_ನಿವೃತ್ತ:
ಓಟಿಪಿ ಕೊಡದೇ ಇದ್ದಿದ್ದು ತುಂಬಾ ಒಳ್ಳೇದಾಯ್ತು ಕಣಮ್ಮ. ನಾನು 27 ವರ್ಷ ಜೀವ ವಿಮೆ ಕ್ಲೇಮ್ಸ್ ಸೆಕ್ಷನ್‌ನಲ್ಲಿದ್ದೋನು, ಒಂದೊಂದಾಗಿ ಹೇಳ್ತೀನಿ.

ಎರಡೂ ಅಡ್ಮಿಷನ್ ಬರೀಲೇಬೇಕು. ಫಾರ್ಮಲ್ಲಿ ಆಸ್ಪತ್ರೆ ಸೇರಿದ್ರಾ ಅಂತ ನೇರವಾಗಿ ಕೇಳಿರ್ತಾರೆ, ಅಲ್ಲಿ ‘ಇಲ್ಲ’ ಅಂತ ಒತ್ತಿದ್ರೆ ಅದು ಏಜೆಂಟ್ ಹೇಳಿದ ಸುಳ್ಳಾಗಲ್ಲ, ಸಹಿ ಮಾಡಿದೋರ ಸುಳ್ಳಾಗತ್ತೆ. 1938ರ ವಿಮಾ ಕಾಯ್ದೆ ಸೆಕ್ಷನ್ 45 ಅಂತಿದೆ, ಪಾಲಿಸಿ ಶುರುವಾಗಿ 3 ವರ್ಷದ ಒಳಗೆ ಏನಾದ್ರೂ ಆದ್ರೆ ಕಂಪನಿಯೋರು ಹಳೇ ಆಸ್ಪತ್ರೆ ಫೈಲೆಲ್ಲ ತೆಗೆಸಿ ನೋಡಬಹುದು, ಮುಚ್ಚಿಟ್ಟಿದ್ದು ಸಿಕ್ಕಿದ್ರೆ ಕ್ಲೇಮ್ ನಿಲ್ಲಿಸಬಹುದು. 3 ವರ್ಷ ದಾಟಿದ್ಮೇಲೆ ಯಾವ ಕಾರಣಕ್ಕೂ ಪಾಲಿಸಿನ ಪ್ರಶ್ನೆ ಮಾಡೋ ಹಾಗಿಲ್ಲ. ಆದ್ರೆ ನಡುವೆ ಕಂತು ಕಟ್ಟದೆ ಪಾಲಿಸಿ ನಿಂತು ಹೋಗಿ (ಲ್ಯಾಪ್ಸ್) ಮತ್ತೆ ಚಾಲೂ ಮಾಡಿಸಿದ್ರೆ (ರಿವೈವಲ್) ಆ 3 ವರ್ಷ ಮತ್ತೆ ಮೊದಲಿಂದ ಎಣಿಸ್ತಾರೆ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಆಟೋ ಡೆಬಿಟ್ ಹಾಕ್ಬಿಡಿ.

ವಾಸಿಯಾದ ಡೆಂಗ್ಯೂಗೆ ಸಾಮಾನ್ಯವಾಗಿ ಯಾರೂ ತಲೆ ಕೆಡಿಸ್ಕೊಳಲ್ಲ. ಕ್ರಿಯಾಟಿನಿನ್ ವಿಷ್ಯಕ್ಕೆ ಮಾತ್ರ ಈಗಿನ ರಿಪೋರ್ಟ್ ಕೇಳಬಹುದು, ಮೆಡಿಕಲ್ ಮಾಡಿಸಬಹುದು, ಹೆಚ್ಚಂದ್ರೆ ಸ್ವಲ್ಪ ಪ್ರೀಮಿಯಂ ಜಾಸ್ತಿ ಹೇಳಬಹುದು. ಅದನ್ನ ಕಟ್ಟೋದೇ ವಾಸಿ.

ರೈಡರ್ ಮಾತು ನಂಬಬೇಡಿ. ಮೂಲ ಟರ್ಮ್ ಪಾಲಿಸಿ ಇದ್ಯಲ್ಲ, ಅದು ಬಿಸಿಲಿಗೆ ಹೋದ್ರೂ, ಡೆಂಗ್ಯೂಗೆ ಹೋದ್ರೂ, ಹಾರ್ಟ್ ಅಟ್ಯಾಕ್ ಆದ್ರೂ, ನೆರೇಲಿ ಕೊಚ್ಕೊಂಡು ಹೋದ್ರೂ ಕೊಡತ್ತೆ (ಮೊದಲ ವರ್ಷದ ಆತ್ಮಹತ್ಯೆ ಬಿಟ್ಟು). ರೈಡರ್ ಹಂಗಲ್ಲ, ಹೊರಗಿನಿಂದ ಬಿದ್ದ ಕಣ್ಣಿಗೆ ಕಾಣೋ ಪೆಟ್ಟು ಇರ್ಬೇಕು ಅಂತ ಅದರ ಷರತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಕೇಸ್ ಬಂದಿತ್ತು, ಮೊಜಾಂಬಿಕ್‌ನಲ್ಲಿ ಕೆಲಸ ಮಾಡ್ತಿದ್ದೋರು ಮಲೇರಿಯಾಗೆ ತೀರ್ಕೊಂಡಿದ್ರು, ಸೊಳ್ಳೆ ಕಚ್ಚಿದ್ದು ಅಪಘಾತ ಅಂತ ಮನೆಯೋರ ವಾದ, ಕೋರ್ಟ್ ಒಪ್ಪಲಿಲ್ಲ. 2023ರಲ್ಲಿ ಇನ್ನೊಂದು, ಬಿಹಾರದಲ್ಲಿ ಎಲೆಕ್ಷನ್ ಡ್ಯೂಟಿಲಿದ್ದ ಕಾನ್‌ಸ್ಟೇಬಲ್ ಬಿಸಿಲ ಝಳಕ್ಕೆ ಸತ್ತಿದ್ದು, ಅದೂ ಆ ಪಾಲಿಸಿಯ ಅಪಘಾತದ ಅರ್ಥಕ್ಕೆ ಬರಲ್ಲ ಅಂತ ತೀರ್ಪಾಯ್ತು. ಹಂಗಾಗಿ ರೈಡರ್‌ಗೆ ಕಟ್ಟೋ ದುಡ್ಡಲ್ಲಿ ಮೂಲ ಕವರೇ 50ರಿಂದ 60 ಲಕ್ಷಕ್ಕೆ ಏರಿಸ್ಕೊಳ್ಳಿ. ಬ್ಯಾಂಕಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗತ್ತಲ್ಲ ಸುರಕ್ಷಾ ಬಿಮಾ, ಅದೂ ಅಪಘಾತಕ್ಕೆ ಮಾತ್ರ. 436 ರೂಪಾಯಿದು ಜೀವನ್ ಜ್ಯೋತಿ, 2 ಲಕ್ಷ, ಅದು ಯಾವ ಸಾವಿಗಾದ್ರೂ ಬರತ್ತೆ (ಸೇರಿದ ಮೊದಲ 30 ದಿನ ಅಪಘಾತಕ್ಕೆ ಮಾತ್ರ), 50 ವರ್ಷದೊಳಗೆ ಸೇರ್ಬೇಕು. ಇವತ್ತೇ ಮಾಡಿಸಿ.

ಪ್ರೀಮಿಯಂ ಬಗ್ಗೆ: ಟರ್ಮ್‌ನಲ್ಲಿ ತಗೊಂಡ ದಿನದ ರೇಟೇ ಕೊನೇವರೆಗೂ. ಹೊಸಬ್ರಿಗೆ ಮಾತ್ರ ಬದಲಾಗತ್ತೆ. ಕೋವಿಡ್‌ನಲ್ಲಿ ಸಾವು ಜಾಸ್ತಿಯಾದ್ಮೇಲೆ ಮರುವಿಮೆ ಕಂಪನಿಗಳು (ವಿಮಾ ಕಂಪನಿಗಳಿಗೇ ವಿಮೆ ಕೊಡೋವು) ರೇಟ್ ಏರಿಸಿದ್ವು, ಹೊಸ ಟರ್ಮ್ ಪಾಲಿಸಿಗಳು ತುಟ್ಟಿಯಾದ್ವು. ಬಿಸಿಲಿಂದ ಸಾವು ಹೆಚ್ಚಾದ್ರೆ ಅದೇ ದಾರೀಲಿ ಬರತ್ತೆ, ನಿಧಾನಕ್ಕೆ. 36ಕ್ಕೆ ತಗೊಳ್ಳೋದನ್ನ 40ಕ್ಕೆ ಮುಂದೂಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಪ್ರೀಮಿಯಂ ಮೇಲೆ ಜಿಎಸ್‌ಟಿನೂ ಇಲ್ಲ.

ನೈಟ್‌ಡ್ಯೂಟಿ_ಸಿಸ್ಟರ್:
ಅಕ್ಕ, ದುಡ್ಡಿನ ಲೆಕ್ಕ ಸರ್ ಹೇಳಿದ್ದಾರೆ, ನಾನು ನರ್ಸ್, ನಿಮ್ಮನೆಯವ್ರ ಆರೋಗ್ಯದ್ದು ಹೇಳ್ತೀನಿ. ಮಾತು ತೊದಲ್ತು ಅಂದ್ರಲ್ಲ, ಅದು ಬರೀ ಸುಸ್ತಲ್ಲ. ಮೈ ಬಿಸಿ 40 ಡಿಗ್ರಿ ದಾಟಿ ತಲೆ ಗೊಂದಲ ಆದ್ರೆ ಅದು ಹೀಟ್ ಸ್ಟ್ರೋಕ್, ಆಗ ಒಂದೊಂದು ನಿಮಿಷನೂ ಲೆಕ್ಕ. ಆಂಬುಲೆನ್ಸ್‌ಗೆ 108 ಮಾಡಿ, ಅದು ಬರೋವರೆಗೂ ನೆರಳಿಗೆ ಎಳೆದು ಮೈ ಮೇಲೆ ನೀರು ಹುಯ್ದು ಗಾಳಿ ಬೀಸ್ತಾನೇ ಇರ್ಬೇಕು, ಪ್ರಜ್ಞೆ ಸರಿ ಇಲ್ದಿದ್ರೆ ಬಾಯಿಗೆ ನೀರು ಹಾಕ್ಬಾರ್ದು. ಸೈಟಲ್ಲಿ ಜೊತೆಲಿರೋ ನಾಲ್ಕು ಜನಕ್ಕೆ ಇದನ್ನ ಹೇಳಿಕೊಟ್ಟಿರಿ, ಅವ್ರ ಕೈಲೇ ಇರತ್ತೆ ಎಲ್ಲಾ. ಒಂದ್ಸಲ ಕಿಡ್ನಿಗೆ ಹೊಡ್ತ ಬಿದ್ದಿದೆ ಅಂದ್ರೆ ಏಪ್ರಿಲ್‌ಗೆ ಮುಂಚೆ ಪ್ರತಿ ವರ್ಷ ಕ್ರಿಯಾಟಿನಿನ್ ಟೆಸ್ಟ್ ಮಾಡ್ಸಿ, ಮೈಕೈ ನೋವು ಅಂತ ಮೆಡಿಕಲ್ ಶಾಪಲ್ಲಿ ನೋವಿನ ಮಾತ್ರೆ ತಗೊಂಡು ನುಂಗೋದು ನಿಲ್ಸಿ.

ಬೆಂಗಳೂರಲ್ಲಿ ಬಿಸಿಲಿಗೆ ಯಾರು ಸಾಯ್ತಾರೆ ಅಂತಾರೆ ಜನ. ವಾರ್ಡಲ್ಲಿ ನೋಡ್ಬೇಕು. ಕೊನೆಗೆ ಸರ್ಟಿಫಿಕೇಟಲ್ಲಿ ಹೃದಯಾಘಾತ ಅಥವಾ ಕಿಡ್ನಿ ಫೇಲ್ಯೂರ್ ಅಂತ ಇರತ್ತೆ, ಬಿಸಿಲಿನ ಹೆಸರು ಎಲ್ಲೂ ಬರಲ್ಲ. ಶೀಟ್ ಮನೇಲಿರೋರಿಗೆ ರಾತ್ರಿನೂ ಮೈ ತಣಿಯಲ್ಲ, ಫ್ಯಾನ್ ಬಿಸಿ ಗಾಳಿನೇ ತಿರುಗ್ಸತ್ತೆ, ಬೆಳಿಗ್ಗೆ ಎದ್ದು ಮತ್ತೆ ಅದೇ ಕೆಲಸ.

ಇನ್ನೊಂದು, ಆ ಡ್ರಮ್ಮು. ನಿಮಗೆ ಬಿಸಿಲು ಬೇರೆ ಡೆಂಗ್ಯೂ ಬೇರೆ ಅನ್ಸಿರಬಹುದು, ಎರಡೂ ಒಂದೇ ಬೇಸಿಗೆಯ ಬೆಳೆ ಅಕ್ಕ. ನೀರಿಲ್ಲ ಅಂತ ತುಂಬಿಟ್ಕೊಂಡ ತಿಳಿ ನೀರಲ್ಲೇ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು, ವಾರ ಹತ್ತು ದಿನಕ್ಕೆ ಹಾರತ್ತೆ, ಹಗಲು ಹೊತ್ತೇ ಕಚ್ಚತ್ತೆ. ನಮ್ಮನೇಲೂ ಆ ವರ್ಷ ಡ್ರಮ್ ಖಾಲಿ ಮಾಡಿ ಬಗ್ಸಿದಾಗ ಟಾರ್ಚ್ ಬೆಳಕಿಗೆ ಸಣ್ಣ ಸಣ್ಣ ಹುಳ ಬಳುಕ್ತಾ ಕೆಳಗಿಳೀತಿದ್ವು, ನೋಡಿ ಮೈ ಜುಂ ಅಂತು. ಬರೀ ನೀರು ಚೆಲ್ಲಿದ್ರೆ ಸಾಲ್ದು, ಮೊಟ್ಟೆ ಒಳಗೋಡೆಗೆ ಅಂಟಿರತ್ತೆ, ಒಣಗಿದ್ರೂ ತಿಂಗಳುಗಟ್ಟಲೆ ಬದುಕತ್ತೆ. ವಾರಕ್ಕೊಂದ್ಸಲ ಬ್ರಷ್ ಹಾಕಿ ಉಜ್ಜಿ, ಬಾಯಿಗೆ ಹಳೇ ಪಂಚೆ ಬಿಗಿಯಾಗಿ ಕಟ್ಟಿ. 2024ರ ಸೆಪ್ಟೆಂಬರಲ್ಲಿ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಘೋಷಿಸ್ತು. ಒಂದ್ಸಲ ಬಂದಿರೋರಿಗೆ ಎರಡನೇ ಸಲ ಬೇರೆ ಬಗೆಯ ವೈರಸ್ಸಿಂದ ಬಂದ್ರೆ ಜೋರಾಗಿರೋ ಸಾಧ್ಯತೆ ಹೆಚ್ಚು, ಅದಕ್ಕೇ ಇಷ್ಟು ಹೇಳ್ತಿರೋದು.

ಯಲಹಂಕ_ಮಗಳು:
ದಯವಿಟ್ಟು ಬರೀರಿ. ನಮ್ಮಪ್ಪಂಗೆ ಬಿಪಿ ಇತ್ತು, ಪಾಲಿಸಿ ಮಾಡ್ಸಿದೋರು ಮಾತ್ರೆ ವಿಷ್ಯ ಬೇಡ ಅಂದ್ರು, ಅಪ್ಪ ಸಹಿ ಹಾಕಿದ್ರು. 14 ತಿಂಗಳಿಗೆ ಸ್ಟ್ರೋಕ್ ಆಗಿ ಹೋದ್ರು. ಅಮ್ಮ ಅಪ್ಪನ ಮಾತ್ರೆ ಚೀಟಿನೆಲ್ಲಾ ದೇವರ ಮನೆ ಪಕ್ಕದ ಡಬ್ಬೀಲಿ ಜೋಡಿಸಿಟ್ಟಿದ್ರು, ವಿಚಾರಣೆಗೆ ಬಂದೋರಿಗೆ ಸಹಾಯ ಆಗ್ಲಿ ಅಂತ ಅವ್ರೇ ತಂದು ಕೊಟ್ರು. ಕ್ಲೇಮ್ ರಿಜೆಕ್ಟ್ ಆಯ್ತು. ಕಟ್ಟಿದ ಪ್ರೀಮಿಯಂ ಮಾತ್ರ ವಾಪಸ್ ಬಂತು. ಆ ಏಜೆಂಟ್ ಆಮೇಲೆ ಫೋನೇ ಎತ್ಲಿಲ್ಲ.

ಹೊರಮಾವು_ಅಮ್ಮ:
ನಿಮ್ಮಮ್ಮನ ವಿಷ್ಯ ಓದಿ ಕಣ್ಣಲ್ಲಿ ನೀರು ಬಂತು. ನಮ್ಮನೆಯವ್ರಿಗೂ ತೋರಿಸ್ದೆ. ಡಿಸ್ಚಾರ್ಜ್ ಸಮ್ಮರಿ ಎರಡೂ ಸಿಕ್ತು, ಬೀರು ಮೇಲಿನ ಸೂಟ್‌ಕೇಸಲ್ಲಿತ್ತು. ಆ ಏಜೆಂಟ್ ಬೇಡ ಅಂತ ತೀರ್ಮಾನ ಮಾಡಿದೀವಿ, ನಾವೇ ಆನ್‌ಲೈನಲ್ಲಿ ತುಂಬ್ತೀವಿ. ಡ್ರಮ್ ಇವತ್ತೇ ಉಜ್ಜಿಟ್ಟೆ ಸಿಸ್ಟರ್. ಒಂದೇ ಡೌಟು ಸರ್, ಮೊದಲನೇ ಸಮ್ಮರೀಲಿ ‘ನಿರ್ಜಲೀಕರಣ’ ಅಂತಷ್ಟೇ ಇದೆ, ಹೀಟ್ ಸ್ಟ್ರೋಕ್ ಅಂತ ಇಲ್ಲ, ನಾನು ಏನಂತ ಬರೀಲಿ?

ಜೆಪಿನಗರ_ನಿವೃತ್ತ:
ಸಮ್ಮರೀಲಿ ಇರೋ ಪದನೇ ಬರೀರಿ ಅಮ್ಮ, ನೀವಾಗಿ ಕಾಯಿಲೆಗೆ ಹೆಸರು ಕೊಡಬೇಡಿ. ತಾರೀಕು, ಎಷ್ಟು ದಿನ, ಕ್ರಿಯಾಟಿನಿನ್ ಆಗ ಎಷ್ಟಿತ್ತು ಈಗ ಎಷ್ಟು, ಬಿಸಿಲಲ್ಲಿ ಕೆಲಸ ಮಾಡುವಾಗ ಆಯ್ತು ಅನ್ನೋದು, ಅಷ್ಟು ಸಾಕು. ಕೆಲಸದ ಕಾಲಂನಲ್ಲಿ ‘ಪ್ರೈವೇಟ್ ಜಾಬ್’ ಅಂತ ಹಾಕ್ಬೇಡಿ, ಕಟ್ಟಡದ ಸೈಟ್ ಸೂಪರ್‌ವೈಸರ್ ಅಂತ್ಲೇ ಹಾಕಿ, ಅದೂ ಕೇಳೋ ವಿಷ್ಯನೇ. ನಾಮಿನಿ ಜಾಗದಲ್ಲಿ ನಿಮ್ಮ ಹೆಸರು ಆಧಾರ್‌ನಲ್ಲಿರೋ ಹಾಗೇ ಇರಲಿ. ಪಾಲಿಸಿ ಬಂದ್ಮೇಲೆ ಜೊತೆಗೆ ಫಾರ್ಮ್ ಕಾಪಿನೂ ಬರತ್ತೆ, ಇಬ್ರೂ ಕೂತು ಒಂದೊಂದು ಉತ್ತರ ಓದಿ ನೋಡಿ, 30 ದಿನ ಫ್ರೀ ಲುಕ್ (ಓದಿ ನೋಡಿ ಬೇಡ ಅನ್ಸಿದ್ರೆ ಪಾಲಿಸಿ ವಾಪಸ್ ಮಾಡೋ ಅವಕಾಶ) ಇರತ್ತೆ, ತಪ್ಪಿದ್ರೆ ಅಷ್ಟರೊಳಗೆ ಬರೆದು ತಿಳಿಸಿ.