ಮಾವನ ಟ್ರಂಕಿನ ಪಲ್ಸ್ ಸೆಟ್ಟು 40 ಗ್ರಾಂ ವಿಮಾನಕ್ಕೆ ಆಗುತ್ತಾ?

ಚಿಂತಾಮಣಿಯಿಂದ ಪ್ರಶ್ನೆ:
ತೀರಿಕೊಂಡ ನಮ್ಮ ಸೋದರಮಾವನ ಟ್ರಂಕಿನಲ್ಲಿ 1960ರ ದಶಕದ, ಬಡಿತ ಬಡಿತವಾಗಿ ಸಿಗ್ನಲ್ ಕಳಿಸುವ ಪಲ್ಸ್ ರೇಡಿಯೋ ಕಂಟ್ರೋಲ್ ಸೆಟ್ ಸಿಕ್ಕಿದೆ. ಟಿಫಿನ್ ಡಬ್ಬಿಯಷ್ಟು ಟ್ರಾನ್ಸ್‌ಮಿಟರ್, ಬೆಂಕಿಪೊಟ್ಟಣದಷ್ಟು ರಿಸೀವರ್, ರಡ್ಡರ್ (ವಿಮಾನ ತಿರುಗಿಸುವ ಬಾಲದ ಪಟ್ಟಿ) ಅಲ್ಲಾಡಿಸುವ ಕಾಯಿಲ್ ಮತ್ತು ಮ್ಯಾಗ್ನೆಟ್ಟಿನ ಆಕ್ಚುಯೇಟರ್. ನಾನು ಥರ್ಮಾಕೋಲಿನಲ್ಲಿ ಮಾಡಿರುವ ವಿಮಾನ ಬ್ಯಾಟರಿ ಸೇರಿ 40 ಗ್ರಾಂ. ಇದನ್ನೇ ಕೂರಿಸಿ ಹಾರಿಸಬಹುದಾ? ಮಾಡಿ ನೋಡಿದವರಿದ್ದರೆ ಹೇಳಿ.

ಕೋಲಾರದಿಂದ, ರೇಡಿಯೋ ರಿಪೇರಿ ಮಾಡುತ್ತಿದ್ದವನು:
ಮೊದಲು ಅದಕ್ಕೆ ಸೆಲ್ ಹಾಕಬೇಡಿ ತಮ್ಮಾ. ಅಷ್ಟು ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿರುತ್ತದೆ. ಒಳಗೇ ಮರೆತ ಸೆಲ್ ಸೋರಿ ತಾಮ್ರ ಹಸಿರಾಗಿರಬಹುದು, ಬಿಚ್ಚಿ ನೋಡಿ. ರಿಸೀವರ್ ಸೂಪರ್‌ರೀಜನರೇಟಿವ್ (ಹಳೇ ಸರಳ ಜಾತಿಯದು) ಆಗಿದ್ದರೆ ಅದು ಅಕ್ಕಪಕ್ಕದ ಸಿಗ್ನಲ್ಲನ್ನೆಲ್ಲ ಬಾಚಿಕೊಳ್ಳುತ್ತದೆ. ಜಾತ್ರೆಯಲ್ಲಿ ಮಾರುವ ರಿಮೋಟ್ ಕಾರು ಎಷ್ಟೋ ಇಂಥ ಹಳೇ ಸೆಟ್ಟುಗಳು ಬಳಸುತ್ತಿದ್ದ 27 ಮೆಗಾಹರ್ಟ್ಸ್‌ನವು. ಬೀದಿಯ ಹುಡುಗ ಕಾರು ಓಡಿಸಿದರೆ ನಿಮ್ಮ ವಿಮಾನ ತಿರುಗುತ್ತದೆ! ಆಮೇಲೆ ಆಕ್ಚುಯೇಟರನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಬೇಡಿ, ಚಿನ್ನದ ಅಂಗಡಿಗೆ ಹೋಗಿ. ನಿಮ್ಮ ಲೆಕ್ಕ ನಿಲ್ಲುವುದು ಗ್ರಾಮಿನ ಮೇಲೆ.

ತುಮಕೂರಿನಿಂದ:
ನಾನು ಇದನ್ನು ಎರಡು ಸಲ ಮಾಡಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ಹಳೇ ರೇಡಿಯೋ ಕಪಾಟಿಗೆ ಹೋಗಲಿ, ಪಲ್ಸ್ ಮಾತ್ರ ಇಟ್ಟುಕೊಳ್ಳಿ.

ಪಲ್ಸ್ ಸೆಟ್ಟಿನಲ್ಲಿ ರಡ್ಡರ್ ಸುಮ್ನೆ ನಿಲ್ಲುವುದೇ ಇಲ್ಲ, ಎಡಕ್ಕೂ ಬಲಕ್ಕೂ ಬಡಿಯುತ್ತಲೇ ಇರುತ್ತದೆ. ಎರಡೂ ಕಡೆ ಸಮ ಹೊತ್ತು ಇದ್ದರೆ ವಿಮಾನ ನೇರ ಹೋಗುತ್ತದೆ. ಎಡಕ್ಕೆ 70, ಬಲಕ್ಕೆ 30 ಪಾಲು ಹೊತ್ತು ಕೊಟ್ಟರೆ ಎಡಕ್ಕೆ ತಿರುಗುತ್ತದೆ. ದೊಡ್ಡ ಮಾಡೆಲ್‌ಗೆ ಸೆಕೆಂಡಿಗೆ ಐದಾರು ಬಡಿತವಾದರೂ ನಡೆಯುತ್ತಿತ್ತು, ಅದರ ಭಾರಕ್ಕೆ ಅಷ್ಟು ನಾಟುತ್ತಿರಲಿಲ್ಲ. 40 ಗ್ರಾಮಿನದು ಅಷ್ಟಕ್ಕೇ ನಾಯಿಮರಿ ಥರ ಬಾಲ ಆಡಿಸಿಕೊಂಡು ಹೋಗುತ್ತದೆ. ನನ್ನ ಮೊದಲನೆಯದು ಹಾಗೇ ಆಯಿತು. 20ಕ್ಕೆ ಏರಿಸಿದ ಮೇಲೆ ಶಾಂತವಾಯಿತು. (ಬಡಿತದ ವೇಗವನ್ನೂ ಬದಲಿಸಿ ಒಂದೇ ಮೋಟರಿನಲ್ಲಿ ಎಲಿವೇಟರ್ (ವಿಮಾನದ ಮೂತಿ ಮೇಲೆ ಕೆಳಗೆ ಮಾಡುವ ಪಟ್ಟಿ) ಕೂಡ ಆಡಿಸುವ ‘ಗ್ಯಾಲಪಿಂಗ್ ಘೋಸ್ಟ್’ ಅಂತ ಒಂದಿತ್ತು. ಅದರ ಸಹವಾಸ ಈಗ ಬೇಡ.)

ಈಗಿನ 2.4 ಗಿಗಾಹರ್ಟ್ಸ್ ರಿಸೀವರ್ ಸರ್ವೋಗೆ (ರಡ್ಡರ್ ಆಡಿಸುವ ಪುಟ್ಟ ಮೋಟರಿಗೆ) 20 ಮಿಲಿಸೆಕೆಂಡಿಗೊಮ್ಮೆ 1ರಿಂದ 2 ಮಿಲಿಸೆಕೆಂಡಿನ ಪಲ್ಸ್ ಕಳಿಸುತ್ತದೆ, ನಡು 1.5. ಪ್ರೋಗ್ರಾಂ ಹಾಕಬಹುದಾದ ಒಂದು ಪುಟ್ಟ ಎಟಿಟೈನಿ85 ಚಿಪ್ ಅದನ್ನು ಓದಿ ಎಡಬಲದ ಪಾಲಾಗಿ ಬದಲಿಸಲಿ. ಹತ್ತಿಪ್ಪತ್ತು ಸಾಲಿನ ಕೋಡ್, ಅಷ್ಟೇ. ಸಿಗ್ನಲ್ ಸಿಗದಿದ್ದರೆ 50-50ಕ್ಕೆ ಬರಲಿ ಅಂತ ಒಂದು ಸಾಲು ಖಂಡಿತ ಸೇರಿಸಿ. ಹಳೇ ಸೆಟ್ಟಿನಲ್ಲಿ ಸಿಗ್ನಲ್ ತಪ್ಪಿದರೆ ರಡ್ಡರ್ ಒಂದೇ ಕಡೆ ಅಂಟಿಕೊಂಡು ವಿಮಾನ ಗಿರಗಿರ ಸುತ್ತಿ ನೆಲಕ್ಕೆ ಬರುತ್ತದೆ.

ಕಾಯಿಲ್ಲನ್ನು ಮೀಟರಿನಲ್ಲಿ ಅಳೆಯಿರಿ. 50 ಓಮ್ ಇದ್ದರೆ 4 ವೋಲ್ಟಿಗೆ 80 ಮಿಲಿಆಂಪ್ ಎಳೆಯುತ್ತದೆ. ಪಲ್ಸಿನಲ್ಲಿ ಕರೆಂಟ್ ದಿಕ್ಕು ಬದಲಿಸುತ್ತದೆಯೇ ಹೊರತು ನಿಲ್ಲುವುದಿಲ್ಲ. ಅಂದರೆ 50 ಎಂಎಎಚ್ ಸೆಲ್ಲನ್ನು ರಡ್ಡರ್ ಒಂದೇ 40 ನಿಮಿಷದೊಳಗೆ ಕುಡಿದು ಮುಗಿಸುತ್ತದೆ, ಪ್ರೊಪೆಲ್ಲರ್ ಮೋಟರಿನ ಲೆಕ್ಕ ಬೇರೆ. ಜೊತೆಗೆ ಅಷ್ಟು ಕರೆಂಟ್ ಹಾಯಿಸಲು ಎಲ್9110 ಥರದ ಡ್ರೈವರ್ ಚಿಪ್ ಕೂಡ ಬೇಕು. 150 ಓಮಿನ ಕಾಯಿಲ್ ಸುತ್ತಿಕೊಂಡರೆ 28 ಮಿಲಿಆಂಪ್ ದಾಟುವುದಿಲ್ಲ, ಎಟಿಟೈನಿಯ ಎರಡು ಕಾಲುಗಳ ನಡುವೆ ನೇರ ಹಾಕಬಹುದು. ತಂತಿಗೆ ಪಂಪ್‌ಸೆಟ್ ವೈಂಡಿಂಗ್ ಅಂಗಡಿಗೆ ಹೋಗಬೇಡಿ, ಅಲ್ಲಿರುವುದೆಲ್ಲ ದಪ್ಪ. ಕೆಟ್ಟ ಗೋಡೆ ಗಡಿಯಾರದ ಕಾಯಿಲ್ ಬಿಚ್ಚಿ, ಕೂದಲಿಗಿಂತ ತೆಳು ತಂತಿ ಸಿಗುತ್ತದೆ. ಮ್ಯಾಗ್ನೆಟ್ಟಿಗೆ ಚಿಕ್ಕ ನಿಯೋಡಿಮಿಯಮ್ ಬಿಲ್ಲೆ ಸಾಕು. ಅದು ಮಾರುಕಟ್ಟೆಗೆ ಬಂದದ್ದೇ 1980ರ ದಶಕದಲ್ಲಿ, ನಿಮ್ಮ ಮಾವನ ಕಾಲದಲ್ಲಿ ಇಷ್ಟು ಹಗುರ ಮಾಡಲು ದಾರಿಯೇ ಇರಲಿಲ್ಲ.

ಶಿಡ್ಲಘಟ್ಟದಿಂದ:
ಮೇಲಿನ ಸರ್ ಹಿಂಜ್ (ರಡ್ಡರ್ ಮಡಚುವ ಕೀಲು) ವಿಷಯ ಬಿಟ್ಟರು. ಆಕ್ಚುಯೇಟರಿಗೆ ಬಲ ಕಮ್ಮಿ, ಟೇಪ್ ಹಿಂಜ್ ಗಟ್ಟಿಯಾದರೆ ರಡ್ಡರ್ ಆಡುವುದೇ ಇಲ್ಲ. ನಮ್ಮೂರಲ್ಲಿ ರೇಷ್ಮೆ ಎಳೆಗೆ ಬರವಿಲ್ಲವಲ್ಲ. ಒಂದು ಎಳೆ ಎಡದಿಂದ ಬಲಕ್ಕೆ, ಪಕ್ಕದ್ದು ಬಲದಿಂದ ಎಡಕ್ಕೆ ದಾಟಿಸಿ ಫೆವಿಕಾಲಿನಲ್ಲಿ ಅಂಟಿಸಿದೆ. ಉಫ್ ಅಂದರೆ ರಡ್ಡರ್ ಆಡುತ್ತದೆ. ಸೂಪರ್ ಗ್ಲೂ ಬೇಡ, ಎಳೆ ಕಡ್ಡಿಯಾಗುತ್ತದೆ, ಥರ್ಮಾಕೋಲೂ ಕರಗುತ್ತದೆ.

ಇನ್ನೊಂದು ನನ್ನ ಪೆದ್ದತನ. ಕಾಯಿಲ್ ತಂತಿ ಅದಲು ಬದಲಾಗಿದ್ದನ್ನು ನೋಡದೆ ಎಸೆದೆ. ಎಡ ಅಂದರೆ ಬಲ. ವಿಮಾನ ನೆಟ್ಟಗೆ ಪಕ್ಕದವರ ದ್ರಾಕ್ಷಿ ಚಪ್ಪರಕ್ಕೆ ಹೋಗಿ ತಂತಿಯಲ್ಲಿ ರೆಕ್ಕೆ ಸೀಳಿಕೊಂಡಿತು. ಬಿಡಿಸಿಕೊಳ್ಳುವಾಗ ಅವರ ಹತ್ತಿರ ಬೈಸಿಕೊಂಡಿದ್ದೂ ಆಯಿತು. ಆಷಾಢದ ಗಾಳಿ ಮುಗಿಯಲಿ, ಬೆಳಿಗ್ಗೆ ಆರು ಆರೂವರೆಗೆ ಹಾರಿಸಿ. ವಿಮಾನ ಇಷ್ಟು ಹಗುರವಾಗಿದ್ದರೂ, ಎಲ್ಲಿ ಹಾರಿಸಬಹುದು ಎಲ್ಲಿ ಬಾರದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ಒಮ್ಮೆ ನೋಡಿ, ದೇವನಹಳ್ಳಿ ಏರ್‌ಪೋರ್ಟ್ ಇರುವುದು ನಮ್ಮ ಮಗ್ಗುಲಲ್ಲೇ.

ಚಿಂತಾಮಣಿಯಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಚಿನ್ನದ ಅಂಗಡಿಯಲ್ಲಿ ತೂಗಿಸಿದೆ: 9 ಗ್ರಾಂ 200 ಮಿಲಿ. ವಿಮಾನದ ಕಾಲು ಭಾಗ ಹತ್ತಿರ ಆಯಿತು ಅಲ್ವಾ! ಕಾಯಿಲ್ 52 ಓಮ್. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಚಿನ್ನ ಎಲ್ಲಿದೆ ಅಂದರು. ಮಾವನದನ್ನು ಮುಂದೆ ಮಾಡುವ ದೊಡ್ಡ ಗ್ಲೈಡರಿಗೆ ಎತ್ತಿಟ್ಟಿದ್ದೇನೆ. ಇದಕ್ಕೆ ಹೊಸದು ಸುತ್ತುತ್ತಿದ್ದೇನೆ, ಗಡಿಯಾರದ ತಂತಿ ಇಲ್ಲಿವರೆಗೆ ಮೂರು ಸಲ ತುಂಡಾಗಿದೆ.

ತುಮಕೂರಿನಿಂದ:
ಬೆರಳಲ್ಲಿ ಎಳೆಯಬೇಡಿ. ಗಡಿಯಾರದ ಬಾಬಿನ್ನನ್ನು ಸೂಜಿಗೆ ಪೋಣಿಸಿ, ತಾನೇ ತಿರುಗಿ ಬಿಚ್ಚಿಕೊಳ್ಳಲಿ. ಫ್ಯಾನ್ ಆರಿಸಿ ಕೂತುಕೊಳ್ಳಿ.