ಡಾಕ್ಟರನ್ನು ಕೇಳಿ ಗ್ರೂಪ್: ರಾತ್ರಿ ಹೊತ್ತು ಮೊಬೈಲ್ ಚಟ

ಗದಗದಿಂದ, ಹೆಸರು ಬೇಡ: ಡಾಕ್ಟ್ರೇ, ಮದುವೆಯಾಗಿ ಎಂಟು ತಿಂಗಳು. ಕಾಲೇಜಿನಿಂದಲೂ ರಾತ್ರಿ ಅಶ್ಲೀಲ ವಿಡಿಯೋ ನೋಡುವ ಚಟ. ಎಷ್ಟೋ ಸಲ ಡಿಲೀಟ್ ಮಾಡಿದೆ, ಬಿಡಲಾಗಲಿಲ್ಲ. ಈಗ ಹೆಂಡತಿ ಹತ್ತಿರ ಬಂದರೆ ನನ್ನಿಂದ ಏನೂ ಆಗುವುದಿಲ್ಲ. ಮೊನ್ನೆ ಅವಳು ಕನ್ನಡಿ ಮುಂದೆ ನಿಂತು "ನಾನು ಚಂದ ಇಲ್ಲೇನ್ರಿ?" ಅಂದಳು.

ಡಾಕ್ಟರ್ (ಮನೋವೈದ್ಯರು, ಧಾರವಾಡ): ಅವರ ಆ ಮಾತು ಓದಿ ಸಂಕಟವಾಯಿತು. ಕೊರತೆ ಅವರಲ್ಲಿಲ್ಲ ಅಂತ ಇವತ್ತೇ ಹೇಳಿ. ನೋಡುವುದೆಲ್ಲ ರೋಗವಲ್ಲ. ಬಿಡಬೇಕೆಂದರೂ ಆರು ತಿಂಗಳು, ಅದಕ್ಕೂ ಜಾಸ್ತಿ ಬಿಡಲಾಗದೆ ನಿದ್ದೆ, ಕೆಲಸ, ಸಂಸಾರ ಕೆಟ್ಟರೆ ಅದು ಕಾಯಿಲೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಹಾಗೆ ಹೇಳುತ್ತದೆ. ಬರೀ ಪಾಪಭಯ ಇದ್ದರೆ ಕಾಯಿಲೆಯಲ್ಲ ಅಂತಲೂ ಹೇಳುತ್ತದೆ. ಆ ವಿಡಿಯೋದಲ್ಲಿರುವುದು ನಟನೆ. ಒಂದು ಸಾಕಾದರೆ ಬೆರಳಾಡಿಸಿದರೆ ಇನ್ನೊಂದು. ವರ್ಷಗಟ್ಟಲೆ ಅದೇ ರೂಢಿಯಾದ ಮನಸ್ಸು ಎದುರಿಗಿರುವ ಜೀವದ ಜೊತೆ ತಬ್ಬಿಬ್ಬಾಗಬಹುದು. ಒಮ್ಮೆ ಆಗದಿದ್ದರೆ "ಇವತ್ತೂ ಹಾಗೇ ಆದರೆ?" ಅನ್ನುವ ಹೆದರಿಕೆ. ಆ ಹೆದರಿಕೆಯೇ ಮತ್ತೆ ಅಡ್ಡ ಬರುತ್ತದೆ. ಶುಗರ್, ಬಿಪಿ, ಖಿನ್ನತೆಯಿಂದಲೂ ಹೀಗಾಗುತ್ತದೆ, ಪರೀಕ್ಷೆ ಮಾಡಿಸಿ. ಫೋನನ್ನು ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿ ಮಲಗಿ. ಯಾವ ಹೊತ್ತಿಗೆ, ಯಾವ ಬೇಸರಕ್ಕೆ ಕೈ ಅತ್ತ ಹೋಗುತ್ತದೆ ಅಂತ ಒಂದು ವಾರ ಬರೆದಿಡಿ. ಆ ಚೀಟಿ ಹಿಡಿದು ಇಬ್ಬರೂ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ. ಅಲ್ಲಿತನಕ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾವೇರಿ ಸದಸ್ಯ: ಸರ್, ಧಾತು ಹೋದರೆ ನೆನಪಿನ ಶಕ್ತಿ ಹೋಗುತ್ತಾ?

ಡಾಕ್ಟರ್: ಇಲ್ಲ.

ನವನಗರದ ತಾಯಿ: ಏಳನೇ ಕ್ಲಾಸಿನ ಮಗನ ಮೊಬೈಲಿನಲ್ಲಿ ಇಂಥದ್ದೇ ಕಂಡಿತು. ಹೇಗೆ ಮಾತಾಡಲಿ?

ಹಳೇ ಹುಬ್ಬಳ್ಳಿ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ. ಬೇವಿನ ರಸದಲ್ಲಿ ಈ ಪುಡಿ, 21 ದಿನ. ಚಟ ಬಿಡುತ್ತೆ, ಗಂಡಸ್ತನ ಬರುತ್ತೆ.

ಡಾಕ್ಟರ್: ಇದು ಮೂರನೇ ಸಲ. ಅಳಿಸಿ. ಇಂಥ ಪುಡಿಗಳಲ್ಲಿ ವಯಾಗ್ರಾದ ಔಷಧಿಯನ್ನೇ ಗುಟ್ಟಾಗಿ ಬೆರೆಸಿದ್ದು ಸಿಕ್ಕಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ನುಂಗಿದರೆ ಬಿಪಿ ಕುಸಿದು ಜೀವ ಹೋಗಬಹುದು.

ಹಳೇ ಹುಬ್ಬಳ್ಳಿ ಸದಸ್ಯ: ಹಿರಿಯರ ಮದ್ದು ಸುಳ್ಳಾ? ಸೈಟ್ ಎಲ್ಲ ಬಂದ್ ಮಾಡಿದರೆ ಮುಗೀತು.

ವಿದ್ಯಾನಗರದ ಸದಸ್ಯೆ: 2018ರಲ್ಲಿ ಸರ್ಕಾರ 827 ಸೈಟ್ ಬಂದ್ ಮಾಡಿಸಿತು. ನಿಂತಿತೇನ್ರಿ? ಅದನ್ನೇ ನಿಜ ಅಂದುಕೊಂಡ ಹುಡುಗರು ಬಸ್ಸಿನಲ್ಲಿ ನಮ್ಮನ್ನು ಹೇಗೆ ನೋಡುತ್ತಾರೆ ಗೊತ್ತಾ?

ಹಳೇ ಹುಬ್ಬಳ್ಳಿ ಸದಸ್ಯ: ಬಟ್ಟೆನೂ ಹಾಗೇ ಹಾಕ್ತೀರಿ.

ವಿದ್ಯಾನಗರದ ಸದಸ್ಯೆ: ಅಣ್ಣಾರ, ಬಾಯಿ ಬಿಗಿ ಹಿಡೀರಿ. ಸೀರೆ ಉಟ್ಟೇ ಬಸ್ ಹತ್ತುತ್ತೇನೆ.

ಹಾವೇರಿ ಸದಸ್ಯ: ಸರ್, ಧಾತು ವಿಷಯ?

ಡಾಕ್ಟರ್: ಇಲ್ಲ ಅಂದೆನಲ್ಲ. ಮೇಲೆ ಓದಿ.

ನವನಗರದ ತಾಯಿ: ಡಾಕ್ಟ್ರೇ, ಮಗನ ವಿಷಯ ಕೇಳಿದ್ದೆ.

ಗದಗದಿಂದ: ಡಾಕ್ಟ್ರೇ, ಅವಳಿಗೆ ಹೇಳಿದೆ. ಶುಗರ್ ಖಾಲಿ ಹೊಟ್ಟೆಯಲ್ಲೇ ನೋಡಿಸಬೇಕಾ?

ಡಾಕ್ಟರ್: ಹೌದು. ಬೆಳಿಗ್ಗೆ ಚಹಾ ಕುಡಿಯದೆ ಹೋಗಿ.