ನಮ್ಮ ಸಿಗ್ನಲ್ ಕ್ಯಾಮೆರಾ ನೋಟಿಸ್: ದಂಡ ಕಟ್ಟೋದಾ, ಆಕ್ಷೇಪಣೆ ಹಾಕೋದಾ?

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಮುಖ್ಯರಸ್ತೆಗೆ ಸೇರೋ ಸಿಗ್ನಲ್‌ನಲ್ಲಿ ಸ್ಟಾಪ್ ಲೈನ್ ದಾಟಿದ್ದೀರಿ, ಸಿಗ್ನಲ್ ಜಂಪ್ ಮಾಡಿದ್ದೀರಿ ಅಂತ ನಮ್ಮ ಬಡಾವಣೆಯವರಿಗೆ ನೋಟಿಸ್ ಬರ್ತಾನೇ ಇದೆ. ಪೈಪಿಗೆ ಅಗೆದು ಡಾಂಬರು ಹಾಕಿದ ಮೇಲೆ ಅಲ್ಲಿ ಬಿಳಿ ಗೆರೆ ಮತ್ತೆ ಬಳಿದಿಲ್ಲ. ಎಲ್ಲರೂ ಸಹಿ ಹಾಕಿ ಒಂದೇ ಅರ್ಜಿ ಕೊಟ್ಟರೆ ದಂಡ ರದ್ದಾಗುತ್ತಾ? ಭಾನುವಾರದ ಸಭೆಗೆ ಮೊದಲು ಇಲ್ಲೇ ತೀರ್ಮಾನಕ್ಕೆ ಬರೋಣ.

ಬಿ ಬ್ಲಾಕ್ (ವಕೀಲರು):
ಆಗಲ್ಲ ಸರ್. ಒಂದೊಂದು ನೋಟಿಸೂ ಒಂದೊಂದು ಪ್ರಕರಣ, ಆಕ್ಷೇಪಣೆಯನ್ನು ಆರ್‌ಸಿ ಯಾರ ಹೆಸರಲ್ಲಿದೆಯೋ ಅವರೇ ಹಾಕಬೇಕು. ಗೆರೆ, ಫಲಕದ ವಿಷಯಕ್ಕೆ ಮಾತ್ರ ಸಂಘದ ಪತ್ರ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ ಎರಡೂ ಕೆಲಸ ಕೆಡುತ್ತೆ.

ದಯವಿಟ್ಟು ಯಾರೂ ಎಸ್ಸೆಮ್ಮೆಸ್ ನೋಡಿದ ಕೂಡಲೇ ದುಡ್ಡು ಕಟ್ಟಬೇಡಿ. ಕಟ್ಟಿದರೆ ರಾಜಿ ಆದ ಹಾಗೆ, ಆ ಪ್ರಕರಣ ಅಲ್ಲಿಗೆ ಮುಗೀತು. ಮೊದಲು ನೋಟಿಸಿನ ಜೊತೆಗಿರೋ ಫೋಟೋ ತೆರೆದು ನೋಡಿ. ಸಿಗ್ನಲ್ ಜಂಪ್ ಆದರೆ ಒಂದು ಫೋಟೋ ಸಾಲದು: ಕೆಂಪು ದೀಪ ಉರಿಯುತ್ತಿರುವಾಗ ಗಾಡಿ ಗೆರೆಯ ಹಿಂದೆ ಇರೋದು ಒಂದರಲ್ಲಿ, ಅದೇ ಕೆಂಪಿನಲ್ಲಿ ಗೆರೆ ದಾಟಿರೋದು ಇನ್ನೊಂದರಲ್ಲಿ ಕಾಣಬೇಕು. ಮೊದಲ ಫೋಟೋದಲ್ಲೇ ಗಾಡಿ ಜಂಕ್ಷನ್ ಮಧ್ಯೆ ಇದ್ದರೆ, ಹಳದಿಯಲ್ಲಿ ದಾಟಿ ಮುಂದಿನ ವಾಹನ ನಿಂತಿದ್ದಕ್ಕೆ ಅಲ್ಲೇ ಸಿಕ್ಕಿಕೊಂಡಿರಬಹುದು. ಅದನ್ನು ಹಾಗೇ ಬರೆಯಿರಿ.

ಕೇಂದ್ರ ಮೋಟಾರು ವಾಹನ ನಿಯಮಗಳ 167ಎ, 2021ರಲ್ಲಿ ಬಂದದ್ದು, ನಮಗೆ ತುಂಬಾ ಉಪಯೋಗದ್ದು. ಅಪರಾಧ ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಅದರಲ್ಲಿ ನಂಬರ್ ಪ್ಲೇಟ್ ಕಾಣುವ ಫೋಟೋ, ದಿನಾಂಕ, ಸಮಯ, ಸ್ಥಳ, ಮೋಟಾರು ವಾಹನ ಕಾಯ್ದೆಯ ಯಾವ ಕಲಂ ಅನ್ನೋದು ಇರಬೇಕು. ಕ್ಯಾಮೆರಾ ಇರುವ ರಸ್ತೆಗೆ ಮುಂಚೆಯೇ ಎಚ್ಚರಿಕೆ ಫಲಕ ಬೇಕು. ಯಂತ್ರಕ್ಕೆ ಅನುಮೋದನೆ ಪ್ರಮಾಣಪತ್ರ ಬೇಕು, ಅದು ಪ್ರತಿವರ್ಷ ನವೀಕರಣ ಆಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ದಂಡ ತಾನಾಗಿ ರದ್ದಾಗಲ್ಲ, ಆದರೆ ಆಕ್ಷೇಪಣೆಯ ಮೊದಲ ಸಾಲೇ ಅದಾಗಿರಲಿ.

ಮೂರನೇ ಕ್ರಾಸ್:
ಗೆರೆಯೇ ಇಲ್ಲ ಅಂದಮೇಲೆ ಎಲ್ಲ ನೋಟಿಸೂ ಬಿದ್ದುಹೋಗಬೇಕಲ್ವಾ ಸರ್?

ಬಿ ಬ್ಲಾಕ್ (ವಕೀಲರು):
ಸ್ಟಾಪ್ ಲೈನ್ ನೋಟಿಸಿಗೆ ಅದು ಗಟ್ಟಿ ಕಾರಣ. ಕೆಂಪು ದೀಪ ದಾಟಿದ್ದಕ್ಕೆ ಅಲ್ಲ, ಗೆರೆ ಇರಲಿ ಬಿಡಲಿ ಕೆಂಪಿಗೆ ನಿಲ್ಲಲೇಬೇಕು. ಎಡಕ್ಕೆ ತಿರುಗೋರೂ ಗಮನಿಸಿ: ಫ್ರೀ ಲೆಫ್ಟ್ ಫಲಕವೋ ಹಸಿರು ಬಾಣವೋ ಇಲ್ಲದಿದ್ದರೆ ಕೆಂಪಲ್ಲಿ ಎಡಕ್ಕೂ ಹೋಗುವಂತಿಲ್ಲ.

ಎ ಬ್ಲಾಕ್ ಆಂಟಿ:
ಗಾಡಿ ಬೇಸ್‌ಮೆಂಟಲ್ಲೇ ಇದ್ದ ದಿನಕ್ಕೂ ನೋಟಿಸ್ ಬಂದಿದೆ ಅಂತ ಡಿ ಬ್ಲಾಕಿನವರು ಹೇಳ್ತಿದ್ದಾರೆ. ಅದಕ್ಕೇನು ಮಾಡೋದು?

ಸಿ ಬ್ಲಾಕ್ (ಸಿಸಿಟಿವಿ ಉಸ್ತುವಾರಿ):
ಆಂಟಿ, ಅದು ಎರಡರಲ್ಲಿ ಒಂದು. ಕ್ಯಾಮೆರಾ ನಂಬರ್ ತಪ್ಪಾಗಿ ಓದಿರುತ್ತೆ: 8 ಮತ್ತು ಬಿ, ಸೊನ್ನೆ ಮತ್ತು ಡಿ, ಕೆಎ 03 ಮತ್ತು ಕೆಎ 08 ಅದಲುಬದಲಾಗುತ್ತೆ. ಪ್ಲೇಟ್ ಮೇಲೆ ಕೆಸರು, ಸ್ಕ್ರೂ ತಲೆ, ಡೊಂಕು ಅಕ್ಷರ ಇದ್ದರಂತೂ ಇನ್ನೂ ಜಾಸ್ತಿ. ಇಲ್ಲದಿದ್ದರೆ ಯಾರೋ ಅದೇ ನಂಬರ್ ಹಾಕಿಕೊಂಡು ಓಡಾಡ್ತಿದ್ದಾರೆ. ಫೋಟೋ ದೊಡ್ಡದು ಮಾಡಿ ಮಾಡೆಲ್, ಬಣ್ಣ, ಕನ್ನಡಿ, ಸೀಟ್ ಕವರ್, ಎಚ್‌ಎಸ್‌ಆರ್‌ಪಿ ಪ್ಲೇಟಿನ ಹೊಲೊಗ್ರಾಂ ಹೋಲಿಸಿ ನೋಡಿ. ನಿಮ್ಮ ಗಾಡಿಯ ನಾಲ್ಕೂ ಕಡೆ ಫೋಟೋ, ಆರ್‌ಸಿ ಪ್ರತಿ ಜೊತೆಗಿಡಿ. ನಕಲಿ ನಂಬರ್ ಅಂತ ಖಚಿತವಾದರೆ ಠಾಣೆಗೆ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಅದಿಲ್ಲದಿದ್ದರೆ ಮುಂದಿನ ತಿಂಗಳು ಮತ್ತೆ ಬರುತ್ತೆ.

ಗೇಟಿನ ಕ್ಯಾಮೆರಾ ದೃಶ್ಯ ಬೇಕಾದವರು ತಡ ಮಾಡಬೇಡಿ. ಡಿವಿಆರ್ (ದೃಶ್ಯ ಉಳಿಸಿಡೋ ಪೆಟ್ಟಿಗೆ) ತುಂಬಿದ ಹಾಗೆ ಹಳೇದರ ಮೇಲೇ ಬರೆದುಕೊಳ್ಳುತ್ತೆ. ಕಾಪಿ ಮಾಡುವಾಗ ಡಿವಿಆರ್ ಪರದೆಯ ಗಡಿಯಾರ ಮತ್ತು ಮೊಬೈಲಿನ ಗಡಿಯಾರ ಎರಡೂ ಒಂದೇ ಚೌಕಟ್ಟಿನಲ್ಲಿ ಬರೋ ಹಾಗೆ ಒಂದು ಫೋಟೋ ಬೇಕು. ಡಿವಿಆರ್ ಗಡಿಯಾರ ಹಿಂದುಮುಂದು ಇದ್ದರೆ ಎಷ್ಟು ನಿಮಿಷ ಅಂತ ಅರ್ಜಿಯಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಸಾಕ್ಷಿ ನಮಗೇ ತಿರುಗಿಬೀಳುತ್ತೆ.

ಐದನೇ ಕ್ರಾಸ್:
2023ರಲ್ಲೂ 2025ರಲ್ಲೂ 50% ರಿಯಾಯಿತಿ ಕೊಟ್ಟಿದ್ದರು. ಸುಮ್ಮನೆ ಕಾಯೋಣ.

ಬಿ ಬ್ಲಾಕ್ (ವಕೀಲರು):
ಅದು ಸರ್ಕಾರದ ಆದೇಶ, ಹಕ್ಕಲ್ಲ. ಯಾವಾಗ ಬರುತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ತಪ್ಪು ನಮ್ಮದೇ ಅಂತ ಫೋಟೋ ಹೇಳಿದರೆ ಕಟ್ಟಿಬಿಡೋದೇ ನ್ಯಾಯ. ಕೋರ್ಟಿಗೆ ಹೋಗೋರು ಕಲಂ ನೋಡಿಕೊಂಡು ಹೋಗಿ. ಹೆಲ್ಮೆಟ್ ಹಾಕದ್ದಕ್ಕೆ ಕರ್ನಾಟಕದಲ್ಲಿ ರಾಜಿ ದಂಡ (ಕೋರ್ಟಿಗೆ ಹೋಗದೆ ಕಟ್ಟೋದು) 500 ರೂಪಾಯಿ, ಆದರೆ ಕಾಯ್ದೆಯ 194ಡಿಯಲ್ಲಿ ಇರೋದು 1,000 ರೂಪಾಯಿ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಸಿಗ್ನಲ್ ಜಂಪ್ 184ರಡಿ ಹಾಕಿದ್ದರೆ ಮೊದಲ ಸಲಕ್ಕೇ 1,000ದಿಂದ 5,000ದವರೆಗೆ ದಂಡ, ಜೈಲಿಗೂ ಅವಕಾಶ ಇದೆ. ಸಾಕ್ಷಿ ಗಟ್ಟಿ ಇದ್ದರೆ ಮಾತ್ರ ವಾದಿಸಿ. ಪ್ರಕರಣ ವರ್ಚುವಲ್ ಕೋರ್ಟಿಗೆ (ಆನ್‌ಲೈನ್ ನ್ಯಾಯಾಲಯ) ಹೋಗಿದ್ದರೆ ಅಲ್ಲಿ ಎರಡು ಆಯ್ಕೆ ಕಾಣುತ್ತೆ, ಕಟ್ಟೋದು ಅಥವಾ ವಿರೋಧಿಸೋದು. ವಿರೋಧಿಸಿದರೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರಾಗಬೇಕು.

ಮೊದಲ ಕ್ರಾಸ್:
ಮಾರಿದ ಗಾಡಿಗೂ ನೋಟಿಸ್ ಬಂದರೆ?

ಬಿ ಬ್ಲಾಕ್ (ವಕೀಲರು):
ಆರ್‌ಸಿ ಬದಲಾಗುವವರೆಗೆ ಬರುತ್ತೆ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ಫಾರಂ 29 (ಗಾಡಿ ಮಾರಿದ್ದನ್ನು ತಿಳಿಸೋ ನಮೂನೆ) ಕೊಡೋದು ಮಾರಿದವರ ಜವಾಬ್ದಾರಿ. ಅದರ ಸ್ವೀಕೃತಿ, ಮಾರಾಟದ ಕಾಗದ, ಕೊಂಡವರ ಗುರುತಿನ ಪ್ರತಿ ಲಗತ್ತಿಸಿ. ಗಾಡಿ ನಿಮ್ಮದೇ ಆಗಿ ಬೇರೆಯವರು ಓಡಿಸಿದ್ದರೆ, ಕೇಳಿದಾಗ ಅವರ ಹೆಸರು, ವಿಳಾಸ ಕೊಡಬೇಕು ಅಂತ 133ನೇ ಕಲಂ ಹೇಳುತ್ತೆ.

ಎ ಬ್ಲಾಕ್ ಆಂಟಿ:
ವಾಟ್ಸಾಪಲ್ಲಿ ಚಲನ್ ಅಂತ ಒಂದು ಫೈಲ್ ಬಂದಿದೆ, ತೆಗೀಲಾ?

ಸಿ ಬ್ಲಾಕ್ (ಸಿಸಿಟಿವಿ ಉಸ್ತುವಾರಿ):
ಬೇಡ ಆಂಟಿ, ಮುಟ್ಟಲೇಬೇಡಿ! ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕೋ ಫೈಲ್) ಯಾವ ಇಲಾಖೆಯೂ ಕಳಿಸಲ್ಲ. ಅದನ್ನು ಇನ್‌ಸ್ಟಾಲ್ ಮಾಡಿದರೆ ಫೋನಿಗೆ ಬರೋ ಒಟಿಪಿ ಕಳ್ಳರ ಕೈಗೆ ಹೋಗುತ್ತೆ. ವಿಳಾಸ ಜಿಒವಿ ಡಾಟ್ ಇನ್ ಅಂತ ಮುಗಿಯೋ ಸೈಟನ್ನು ನೀವೇ ಟೈಪ್ ಮಾಡಿ ತೆಗೀರಿ, ಇಲ್ಲ ಬೆಂಗಳೂರು ಒನ್‌ನಲ್ಲಿ ವಿಚಾರಿಸಿ. ನಿಜವಾದ ಎಸ್ಸೆಮ್ಮೆಸ್ಸೇ ಬರ್ತಿಲ್ಲ ಅನ್ನೋರು ಸರ್ಕಾರದ ವಾಹನ ನೋಂದಣಿ ಸೇವೆಯ ಪರಿವಾಹನ್ ಸೈಟಲ್ಲಿ ಮೊಬೈಲ್ ನಂಬರ್ ಬದಲಾಯಿಸಿಕೊಳ್ಳಿ. ಚಾಸಿ ನಂಬರ್, ಎಂಜಿನ್ ನಂಬರ್ ಕೇಳುತ್ತೆ, ಆರ್‌ಸಿ ಪಕ್ಕದಲ್ಲಿಟ್ಟುಕೊಳ್ಳಿ.

ಸಂಘದ ಕಾರ್ಯದರ್ಶಿ:
ಹಾಗಾದರೆ ಆಕ್ಷೇಪಣೆ ಅವರವರದ್ದು. ಸಂಘದಿಂದ ಎರಡು ಪತ್ರ, ಒಂದು ಪಾಲಿಕೆಯ ರಸ್ತೆ ಎಂಜಿನಿಯರ್‌ಗೆ, ಇನ್ನೊಂದು ಸಂಚಾರ ಠಾಣೆಗೆ. ಗೆರೆ ಬಳಿಯಿರಿ, ಎಚ್ಚರಿಕೆ ಫಲಕ ಹಾಕಿ ಅಂತ. ಹಗಲು, ರಾತ್ರಿ, ಮಳೆ, ಮೂರೂ ಹೊತ್ತಿನ ಫೋಟೋ ಮೂರನೇ ಕ್ರಾಸಿನವರು ಡ್ರೈವರ್ ಸೀಟಿನ ಎತ್ತರದಿಂದ ತೆಗೆದುಕೊಡಿ. ಮಾಹಿತಿ ಹಕ್ಕಿನ ಅರ್ಜಿ ವಕೀಲರು ನೋಡಿಕೊಳ್ತೀರಾ?

ಬಿ ಬ್ಲಾಕ್ (ವಕೀಲರು):
ಬರೀತೀನಿ ಸರ್. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಈ ಜಂಕ್ಷನ್ನಿನ ಕ್ಯಾಮೆರಾದ ಅನುಮೋದನೆ ಪ್ರಮಾಣಪತ್ರದ ಪ್ರತಿ, ಅದರ ಅವಧಿ ಎಲ್ಲಿಯವರೆಗೆ, ಇಷ್ಟನ್ನೇ ಕೇಳ್ತೀನಿ. ಉತ್ತರಕ್ಕೆ 30 ದಿನ ಇದೆ. ಅಲ್ಲಿವರೆಗೆ ಆಕ್ಷೇಪಣೆ ಹಾಕದೆ ಕಾಯಬೇಡಿ, ಪ್ರತಿ ಸಿಕ್ಕಮೇಲೆ ಹೆಚ್ಚುವರಿ ದಾಖಲೆ ಅಂತ ಸೇರಿಸಬಹುದು.